ಬ್ರೌಸರ್ ಬದಲಿ ಮಾಡ್ರಿ, ಕಾಕಾ!

ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲಿಯ ಆನ್‌ಲೈನ್ ಸೆಂಟರಿಗೆ ಹೋದರೂ ಒಂದೇ ಹಾಡು. ಕ್ರೋಮ್‌ನಲ್ಲಿ ಅರ್ಜಿಯ ಫೋಟೊ ಏರುತ್ತದೆ, ‘ಸಲ್ಲಿಸಿ’ ಬಟನ್ ಅಲುಗುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಬಟನ್ ಅಲುಗುತ್ತದೆ, ತಾಲೂಕಿನ ಪಟ್ಟಿಯೇ ತೆರೆಯುವುದಿಲ್ಲ. ಜಿಲ್ಲೆ ಆರಿಸಿದೊಡನೆ ತಾಲೂಕುಗಳನ್ನು ತಂದು ತುಂಬುವುದು ಪುಟದೊಳಗಿನ ಜಾವಾಸ್ಕ್ರಿಪ್ಟಿನ ಕೆಲಸ. ಅದು ಮುನಿಸಿಕೊಂಡರೆ ಶಹಾಬಾದ್ ನಕಾಶೆಯಿಂದಲೇ ಮಾಯ!

‘ಕಾಕಾ, ನಿಮ್ಮ ತಾಲೂಕೇ ಇದರಾಗ ಇಲ್ಲಲ್ರಿ!’

‘ಮುಂಜಾನಿ ಅಲ್ಲಿಂದೇ ಬಸ್ ಹತ್ತೇನಲ್ಲೋ ತಮ್ಮಾ!’

ಈ ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಹೊಸೆದುಕೊಟ್ಟರು. ಮರುವರ್ಷವೇ ಮೈಕ್ರೋಸಾಫ್ಟ್ ಜೆಸ್ಕ್ರಿಪ್ಟ್ ಎಂದು ತನ್ನದೊಂದನ್ನು ಇಳಿಸಿತು. 1997ರಲ್ಲಿ ಇಬ್ಬರಿಗೂ ಸೇರಿ ಮಾನಕ ಬಂತು. ಒಲೆ ಮಾತ್ರ ಬಹುಕಾಲ ಬೇರೆ ಬೇರೆಯೇ ಉರಿಯಿತು. ರೈಲಿನವರನ್ನೇ ನೋಡಿ: 1874ರಲ್ಲಿ ಸಿಕಂದರಾಬಾದಿನಿಂದ ನಿಜಾಮರ ರೈಲು ವಾಡಿಗೆ ಬಂದು ಮುಂಬಯಿ ಮಾರ್ಗಕ್ಕೆ ಕೂಡಿದಾಗ ಕಂಪನಿ ಎರಡಾದರೂ ಹಳಿಯ ಅಗಲ ಒಂದೇ ಇತ್ತು. ನೂರಿಪ್ಪತ್ತು ವರ್ಷದ ನಂತರದ ಬ್ರೌಸರಿನವರಿಗೆ ಅಷ್ಟೂ ಹೊಳೆಯಲಿಲ್ಲ!

ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಮೈಕ್ರೋಸಾಫ್ಟಿನ ಬ್ರೌಸರ್ 2022ರ ಜೂನ್ 15ರಂದು ನಿವೃತ್ತಿಯಾಯಿತು. ಆದರೆ ನಿವೃತ್ತರನ್ನು ಅಷ್ಟು ಸುಲಭವಾಗಿ ಮನೆಗೆ ಕಳಿಸುತ್ತಾರೆಯೇ? ಆಕ್ಟಿವ್‌ಎಕ್ಸ್ ಎಂಬ ಹಳೆಯ ತಂತ್ರವನ್ನು ನಂಬಿ ಕೂತ ಪುಟಗಳಿಗಾಗಿ ಅದರ ಹೊಸ ಬ್ರೌಸರ್ ಎಡ್ಜ್‌ನಲ್ಲಿ ‘ಐಇ ಮೋಡ್’ ಎಂದು ಸೇವೆ ಮುಂದುವರಿಸಿದ್ದಾರೆ.

ಜಾಲತಾಣ ಕಟ್ಟುವ ಎಂಜಿನಿಯರ್ ಸಾಹೇಬರೇ, ಒಂದೇ ವಿನಂತಿ: ಉದ್ಘಾಟನೆಗೆ ಮುಂಚೆ ನಿಮ್ಮ ಪುಟವನ್ನು ಹಳೆಯದೊಂದು ಮೊಬೈಲಿನಲ್ಲಿ, ಎರಡು ಬ್ರೌಸರಿನಲ್ಲಿ ತೆರೆದು ನೋಡಿ. ಅರ್ಜಿ ತುಂಬುವ ಜನ ಇರುವುದು ಅಲ್ಲೇ.