ಒತ್ತಾಯಮೀಮಾಂಸೆ, ಅಥವಾ ಇಂಗ್ಲಿಷ್ ಕ್ರಿಯಾಪದಗಳು ಪರರನ್ನು ದಾರಿಗೆ ತರುವ ಬಗೆ

ಒಬ್ಬನು ತನಗೆ ಬೇಕಾದ ಕೆಲಸವನ್ನು ಅದು ಬೇಡವಾಗಿರುವ ಇನ್ನೊಬ್ಬನಿಂದ ಮಾಡಿಸಿಕೊಳ್ಳುವಾಗ ನಡೆಯುವ ವ್ಯಾಪಾರಕ್ಕೆ ಪ್ರಸ್ತುತ ಪ್ರಬಂಧವು ‘ಒತ್ತಾಯ’ ಎಂದೂ, ಆ ಇನ್ನೊಬ್ಬನು ಬೇಸತ್ತು ಕೊನೆಗೆ ‘ಹೂಂ’ ಅನ್ನುವ ಸ್ಥಿತಿಗೆ ‘ಮಣಿತ’ ಎಂದೂ ಹೆಸರಿಡುತ್ತದೆ. ಕನ್ನಡದ ವೈಯಾಕರಣರಿಗೆ ಈ ವಿಷಯದಲ್ಲಿ ಹೆಚ್ಚು ತಲೆನೋವಿರಲಿಲ್ಲ. ಧಾತುವಿಗೆ ‘ಇಸು’ ಪ್ರತ್ಯಯ ಹತ್ತಿದರೆ ‘ಮಾಡು’ ಎಂಬುದು ‘ಮಾಡಿಸು’ ಎಂದಾಗಿ ಪ್ರೇರಣಾರ್ಥಕ ಸಿದ್ಧವಾಗುತ್ತದೆ, ಮತ್ತು ಆ ಪ್ರೇರಣೆ ಕಾಲು ಹಿಡಿದದ್ದರಿಂದ ಬಂತೋ, ಕೈ ಬೆಚ್ಚಗೆ ಮಾಡಿದ್ದರಿಂದ ಬಂತೋ, ಮೇಲಿನವರ ಒಂದು ಫೋನಿನಿಂದ ಬಂತೋ ಎಂದು ವ್ಯಾಕರಣವು ವಿಚಾರಿಸಲು ಹೋಗುವುದಿಲ್ಲ. ‘ಖಾತೆ ಮಾಡಿಸಿಕೊಂಡು ಬಂದ’ ಎಂಬ ವಾಕ್ಯದ ಸಭ್ಯತೆಯೆಲ್ಲ ಇರುವುದು ಈ ಔದಾರ್ಯದಲ್ಲಿ. ಇಂಗ್ಲಿಷ್ ಹಾಗಲ್ಲ, ಅದರ ಒತ್ತಾಯಕ್ರಿಯೆಗಳು ಬಳಸಿದ ಆಯುಧವನ್ನು ಕೈಯಲ್ಲಿ ಹಿಡಿದುಕೊಂಡೇ ನಿಘಂಟಿನೊಳಗೆ ಬಂದು ಕುಳಿತಿವೆ. ಪುಸಲಾಯಿಸು, ಎತ್ತಿಕಟ್ಟು, ದುಂಬಾಲು ಬೀಳು ಮುಂತಾದವು ಕನ್ನಡದಲ್ಲೂ ಉಂಟಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಅವು ಈ ಸಿದ್ಧಾಂತಕ್ಕೆ ಅಡ್ಡ ಬರುವುದರಿಂದ ಅವನ್ನು ಇಲ್ಲಿ ಪರಿಗಣಿಸಲಾಗಿಲ್ಲ.

ಮೊದಲು ಪ್ರಯತ್ನವನ್ನೂ ಫಲವನ್ನೂ ಬೇರ್ಪಡಿಸಬೇಕು. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ಮಾಡಿದ, ಅವನ ಮರಣಾನಂತರ 1962ರಲ್ಲಿ ಪುಸ್ತಕವಾಗಿ ಬಂದ ಉಪನ್ಯಾಸಗಳಲ್ಲಿ ಇದಕ್ಕೆ ಎರಡು ಪಾರಿಭಾಷಿಕಗಳನ್ನು ಒದಗಿಸಿದ್ದಾನೆ: ಮಾತಾಡುತ್ತಲೇ ನಡೆದುಹೋಗುವ ಕಾರ್ಯ ಇಲ್ಲೊಕ್ಯೂಷನ್, ಮಾತಾಡಿದ್ದರಿಂದ ಕೇಳಿದವನಲ್ಲಿ ಆಗುವ ಪರಿಣಾಮ ಪರ್ಲೊಕ್ಯೂಷನ್. ‘ಅರ್ಜ್’, ಅಂದರೆ ಆಗ್ರಹಿಸು, ಎಂಬ ಕ್ರಿಯಾಪದ ಮೊದಲನೆಯದಕ್ಕೆ ಸೇರುತ್ತದೆ, ‘ಪರ್ಸ್ವೇಡ್’, ಅಂದರೆ ಒಪ್ಪಿಸು, ಎರಡನೆಯದಕ್ಕೆ. ಆದ್ದರಿಂದ ಇಂಗ್ಲಿಷಿನವನು ಎದ್ದು ನಿಂತು ‘ಐ ಅರ್ಜ್ ಯು’ ಎಂದು ಘೋಷಿಸಿದರೆ ಅಷ್ಟರಲ್ಲೇ ಅವನ ಅರ್ಜಿಂಗ್ ಮುಗಿದಿರುತ್ತದೆ, ಕೇಳುವವನು ಆಕಳಿಸುತ್ತಿದ್ದರೂ ಅದಕ್ಕೆ ಬಾಧೆಯಿಲ್ಲ. ಆದರೆ ‘ಐ ಪರ್ಸ್ವೇಡ್ ಯು’ ಎಂದು ಅದೇ ಗತ್ತಿನಲ್ಲಿ ಘೋಷಿಸಲು ಬಾರದು, ಏಕೆಂದರೆ ಆ ಕ್ರಿಯಾಪದದ ಬೀಗದ ಕೈ ಕೇಳುವವನ ಕಿಸೆಯಲ್ಲಿರುತ್ತದೆ. ವಿಶ್ವಸಂಸ್ಥೆಯ ನಿರ್ಣಯಗಳು ಪುಟಗಟ್ಟಲೆ ಅರ್ಜ್ ಮಾಡಿ ಒಮ್ಮೆಯೂ ಪರ್ಸ್ವೇಡ್ ಮಾಡದಿರುವುದಕ್ಕೆ ವ್ಯಾಕರಣವೇ ಕಾರಣವೆಂದು ಇದರಿಂದ ಸಿದ್ಧವಾಗುತ್ತದೆ.

ಒತ್ತಾಯಕ್ರಿಯೆಗಳಲ್ಲಿ ಅತಿ ಸೌಮ್ಯವಾದದ್ದು ಈ ಪರ್ಸ್ವೇಡೇ. ಅದರ ಲ್ಯಾಟಿನ್ ಧಾತುವೂ ಸಂಸ್ಕೃತದ ‘ಸ್ವಾದು’ ಶಬ್ದವೂ ಒಂದೇ ಬೇರಿನವು. ಎಂದರೆ ಒಪ್ಪಿಸುವುದು ಎಂಬುದು ಮೂಲತಃ ಸಿಹಿ ತಿನ್ನಿಸುವ ಕಾರ್ಯ, ಮತ್ತು ಕಚೇರಿಗೆ ಸ್ವೀಟ್ ಬಾಕ್ಸ್ ಹಿಡಿದು ಹೋಗುವ ಕನ್ನಡಿಗನು ತಿಳಿಯದೆಯೇ ಇಂಡೋ-ಯುರೋಪಿಯನ್ ಭಾಷಾಶಾಸ್ತ್ರವನ್ನು ಆಚರಿಸುತ್ತಿದ್ದಾನೆ. ಅದರ ಪಕ್ಕದ ‘ಕೋಕ್ಸ್’, ಅಂದರೆ ರಮಿಸು, ಅಷ್ಟು ಕುಲೀನವಲ್ಲ. ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ‘ಕೋಕ್ಸ್’ ಎಂಬ ನಾಮಪದಕ್ಕೆ ಪೆದ್ದ ಎಂದು ಅರ್ಥವಿತ್ತು, ಬೆನ್ ಜಾನ್ಸನ್ 1614ರ ತನ್ನ ನಾಟಕದ ಪೆದ್ದನಿಗೆ ಇದೇ ಹೆಸರಿಟ್ಟ, ಮತ್ತು ಒಬ್ಬನನ್ನು ಪೆದ್ದನನ್ನಾಗಿಸುವುದೇ ಕಾಲಕ್ರಮದಲ್ಲಿ ಪ್ರೀತಿಯಿಂದ ಒಪ್ಪಿಸುವುದೆಂಬ ಅರ್ಥಕ್ಕೆ ಬಂತು. ಈ ಅರ್ಥವಿಕಾಸದಲ್ಲಿ ಎಲ್ಲಿಯೂ ತಿರುವಿದ್ದಂತೆ ಕಾಣುವುದಿಲ್ಲ.

ಮುಂದಿನ ವರ್ಗ ಕೊಟ್ಟಿಗೆಯದು. ‘ಗೋಡ್’ ಎಂದರೆ ಎತ್ತನ್ನು ತಿವಿಯುವ ಮುಳ್ಳುಕೋಲು, ‘ಸ್ಪರ್’ ಎಂದರೆ ಸವಾರನ ಹಿಮ್ಮಡಿಯ ಮುಳ್ಳು. ಇವೆರಡೂ ಇಂದು ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಸುಖವಾಗಿವೆ. ಆದರೆ ಇಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವ ಎರಡು ಜಾಗಗಳಿವೆ. ‘ಎಗ್ ಆನ್’ ಎಂಬ ಚಿತಾವಣೆಯ ಕ್ರಿಯೆಯಲ್ಲಿ ಮೊಟ್ಟೆಯಿಲ್ಲ, ಹಳೆಯ ನಾರ್ಸ್ ಭಾಷೆಯ ಕತ್ತಿಯಲಗಿದೆ. ‘ಕೌ’ ಎಂಬ ಹೆದರಿಸುವ ಕ್ರಿಯೆಯಲ್ಲಿ ಹಸುವಿಲ್ಲ, ಅದೇ ನಾರ್ಸ್ ಭಾಷೆಯ, ತುಳಿದಿಡು ಎಂಬರ್ಥದ ಧಾತುವಿದೆ ಎಂಬುದು ನಿರುಕ್ತಕಾರರ ಮತ. ಮೊಟ್ಟೆಯೂ ಹಾಲೂ ಇಲ್ಲದ ಈ ಕ್ರಿಯೆಗಳನ್ನು ವೈಕಿಂಗರು ಇಂಗ್ಲೆಂಡಿಗೆ ತಂದು ಬಿಟ್ಟುಹೋದರು.

‘ಬ್ಯಾಜರ್’ ಮಾತ್ರ ನಿಜವಾದ ಪ್ರಾಣಿ, ಮತ್ತು ಅದರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ. ಮುಖದ ಮೇಲೆ ಕಪ್ಪು ಬಿಳಿ ಪಟ್ಟೆಗಳಿರುವ, ಹಗಲೆಲ್ಲ ಬಿಲದಲ್ಲಿ ಮಲಗುವ, ಯಾರ ತಂಟೆಗೂ ಹೋಗದ ಈ ಜೀವಿಯನ್ನು ಹಿಡಿದು ತಂದು, ಬಿಲದಂತೆ ಮಾಡಿದ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಅದನ್ನು ಹೊರಗೆಳೆಯಲು ಒಂದರ ಮೇಲೊಂದರಂತೆ ನಾಯಿಗಳನ್ನು ಬಿಟ್ಟು, ಯಾವ ನಾಯಿ ಎಷ್ಟು ಸಲ ಎಳೆಯಿತೆಂದು ಬಾಜಿ ಕಟ್ಟುವುದು ಇಂಗ್ಲಿಷರ ವಿನೋದವಾಗಿತ್ತು. 1835ರಲ್ಲಿ ಅಲ್ಲಿನ ಸಂಸತ್ತು ಅದನ್ನು ನಿಷೇಧಿಸಿತು. ಸಾಲ ವಸೂಲಿಗಾರನು ಒಬ್ಬನನ್ನು ಬ್ಯಾಜರ್ ಮಾಡಿದನೆಂದರೆ ಅವನು ನಡೆದುಕೊಂಡದ್ದು ಬ್ಯಾಜರಿನಂತಲ್ಲ, ನಾಯಿಯಂತೆ. ಪೆಟ್ಟು ತಿಂದವನ ಹೆಸರನ್ನೇ ಪೆಟ್ಟಿಗೆ ಇಡುವ ಈ ಪದ್ಧತಿಗೆ ಅಲಂಕಾರಶಾಸ್ತ್ರದಲ್ಲಿ ಹೆಸರಿಲ್ಲವಾಗಿ, ಪ್ರಸ್ತುತ ಪ್ರಬಂಧವು ಅದನ್ನು ‘ಸಂತ್ರಸ್ತನಾಮಾಪಹರಣ’ ಎಂದು ಕರೆಯುತ್ತದೆ. 1880ರಲ್ಲಿ ಐರ್ಲೆಂಡಿನ ಮೇಯೊ ಸೀಮೆಯ ಒಕ್ಕಲುಗಳು ಮಾತು, ಕೂಲಿ, ವ್ಯಾಪಾರ ಎಲ್ಲವನ್ನೂ ನಿಲ್ಲಿಸಿ ದೂರವಿಟ್ಟ ಜಮೀನುದಾರರ ಏಜೆಂಟ್ ಕ್ಯಾಪ್ಟನ್ ಬಾಯ್ಕಾಟನೂ ಇದೇ ಗತಿಗೆ ಸಂದವನು.

ಸರ್ಕಾರಗಳೇ ಒತ್ತಾಯಕ್ಕೆ ಇಳಿದಾಗ ಕ್ರಿಯಾಪದಗಳು ಸಮವಸ್ತ್ರ ತೊಡುತ್ತವೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಳ್ವಿಕೆಯಲ್ಲಿ, 1681ರಿಂದ, ಡ್ರಗೂನ್ ಎಂಬ ಕುದುರೆ ದಳದ ಸೈನಿಕರನ್ನು ಪ್ರಾಟೆಸ್ಟಂಟರ ಮನೆಗಳಲ್ಲಿ ಅತಿಥಿಗಳಾಗಿ ಇಳಿಸಿ, ಮನೆಯವರು ಕ್ಯಾಥೊಲಿಕರಾಗುವವರೆಗೆ ಅವರನ್ನು ಎಬ್ಬಿಸದಿರುವ ಕ್ರಮ ಜಾರಿಗೆ ಬಂತು. ‘ಡ್ರಗೂನ್’ ಎಂಬ ಕ್ರಿಯಾಪದಕ್ಕೆ ಹೀಗೆ ದಾರಿಯಾಯಿತು. ಮದುವೆಗೆಂದು ಬಂದ ನೆಂಟರು ತಿಂಗಳಾದರೂ ಹೊರಡದೆ ಇರುವುದನ್ನು ಇದರ ಸೌಮ್ಯರೂಪವೆಂದು ಭಾವಿಸಲು ಅಡ್ಡಿಯಿಲ್ಲ, ಆದರೆ ಅವರು ಮತಾಂತರವನ್ನು ಕೇಳುವುದು ವಿರಳ.

ಇನ್ನು ವಾಕ್ಯರಚನೆ. ಪರ್ಸ್ವೇಡ್, ಅರ್ಜ್, ಕೋಕ್ಸ್‌ಗಳ ನಂತರ ಬರುವ ಕ್ರಿಯೆಗೆ ಮುಂಚೆ ‘ಟು’ ಎಂಬ ಪುಟ್ಟ ಶಬ್ದವನ್ನು ಇಡಬೇಕು. ‘ಮೇಕ್’ ಬಂದಾಗ ಮಾತ್ರ ಅದು ಮಾಯವಾಗುತ್ತದೆ. ಈ ‘ಟು’ ಎಂಬುದು ಬಲಿಪಶುವಿಗೂ ಕೆಲಸಕ್ಕೂ ನಡುವೆ ಉಳಿದಿರುವ ಅಲ್ಪ ಅಂತರವೆಂದೂ, ಮೇಕ್‌ನ ಬಲಾತ್ಕಾರದಲ್ಲಿ ಅಷ್ಟು ಜಾಗವೂ ಸಿಗುವುದಿಲ್ಲವೆಂದೂ ಪ್ರತಿಪಾದಿಸಬಹುದು. ಕರ್ಮಣಿಯಲ್ಲಿ, ಅಂದರೆ ಬಲಿಪಶುವನ್ನೇ ಕರ್ತೃಸ್ಥಾನದಲ್ಲಿ ಕೂರಿಸಿ ಹೇಳುವಾಗ, ಅದೇ ‘ಟು’ ಮರಳಿ ಬರುವುದು ಅವನಿಗೆ ಸಂದ ಪರಿಹಾರಧನ. ‘ಫೋರ್ಸ್’ ಎಂಬ ಶುದ್ಧ ಬಲಾತ್ಕಾರದ ಕ್ರಿಯೆ ಮಾತ್ರ ಯಾರ ಮಾತಿಗೂ ಸೊಪ್ಪು ಹಾಕದೆ ‘ಟು’ವನ್ನು ಇಟ್ಟುಕೊಂಡಿದೆ, ಮೇಲೆ ‘ಪುಸಲಾಯಿಸು’ ಮುಂತಾದವನ್ನು ಬಿಟ್ಟ ಕಾರಣಕ್ಕಾಗಿಯೇ ಇದನ್ನೂ ಬಿಡಲಾಗಿದೆ.

ಆಧುನಿಕ ಯುಗದ ಕೊಡುಗೆ ‘ನಡ್ಜ್’, ಮೊಣಕೈಯಿಂದ ಮೆಲ್ಲಗೆ ತಿವಿಯುವುದು. ಅರ್ಥಶಾಸ್ತ್ರಜ್ಞ ಥೇಲರ್ ಮತ್ತು ನ್ಯಾಯಶಾಸ್ತ್ರಜ್ಞ ಸನ್‌ಸ್ಟೀನ್ 2008ರಲ್ಲಿ ಇದನ್ನೇ ಶೀರ್ಷಿಕೆಯಾಗಿಸಿ ಪುಸ್ತಕ ಬರೆದರು, ಬ್ರಿಟಿಷ್ ಸರ್ಕಾರ 2010ರಲ್ಲಿ ಇದಕ್ಕಾಗಿ ಒಂದು ಘಟಕವನ್ನೇ ತೆರೆಯಿತು, ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇದರ ಪ್ರಖ್ಯಾತ ಉದಾಹರಣೆ ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದ ಗಂಡಸರ ಮೂತ್ರಾಲಯದಲ್ಲಿ ಚಿತ್ರಿಸಿದ ನೊಣ, ಗುರಿಯಿಲ್ಲದ ಪ್ರಯಾಣಿಕರಿಗೆ ಅದು ಗುರಿಯಾಯಿತು. ‘ಇಲ್ಲಿ ಮೂತ್ರ ಮಾಡಬೇಡಿ’ ಎಂಬ ಬರಹದ ಪಕ್ಕದಲ್ಲಿ ಗೋಡೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸುವ ಭಾರತೀಯ ಕ್ರಮವೂ ಇದೇ ಶಾಸ್ತ್ರದ್ದು, ಪಾರಿತೋಷಕವೊಂದು ಬಂದಿಲ್ಲ.

ಮಣಿತಕ್ರಿಯೆಗಳಿಗೆ ಬಂದರೆ ದೃಶ್ಯವೇ ಬದಲು. ಒತ್ತುವವನು ಕೊಟ್ಟಿಗೆಯಿಂದ ಬಂದಿದ್ದರೆ ಮಣಿಯುವವನು ನೇರವಾಗಿ ಲ್ಯಾಟಿನ್ ಪಾಠಶಾಲೆಯಿಂದ ಬರುತ್ತಾನೆ. ‘ಕಪಿಚುಲೇಟ್’ ಎಂದರೆ ಶರಣಾಗತಿಯ ಷರತ್ತುಗಳನ್ನು ಅಧ್ಯಾಯವಾರು ಬರೆಯುವುದು, ‘ಅಕ್ವಿಯೆಸ್’ ಎಂದರೆ ವಿಶ್ರಾಂತಿ ಪಡೆಯುವುದು, ‘ಸಕಂಬ್’ ಎಂದರೆ ಕೆಳಗೆ ಮಲಗುವುದು. ಸೋತವನೇ ವರದಿ ಬರೆಯಬೇಕಾದಾಗ ಶಬ್ದಗಳು ಘನವಾಗುವುದು ಸಹಜ.

ಇದಕ್ಕೆ ಅಪವಾದ ಚೀನೀ ಮೂಲದ ‘ಕೌಟೌ’, ಮೂರು ಸಲ ಮಂಡಿಯೂರಿ ಒಂಬತ್ತು ಸಲ ಹಣೆಯನ್ನು ನೆಲಕ್ಕೆ ಮುಟ್ಟಿಸುವುದು. 1793ರಲ್ಲಿ ಚೀನಾದ ಚಕ್ರವರ್ತಿಯೆದುರು ಇದನ್ನು ಮಾಡಲೊಲ್ಲದೆ ಒಂದೇ ಮಂಡಿ ಊರಿದ ರಾಯಭಾರಿ ಲಾರ್ಡ್ ಮೆಕಾರ್ಟ್ನಿ ಅದಕ್ಕೂ ಮೊದಲು ಮದರಾಸಿನ ಗವರ್ನರನಾಗಿದ್ದವನು. ಅವನ ಕಾರ್ಯದರ್ಶಿ ಜಾರ್ಜ್ ಸ್ಟಾಂಟನ್ 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನನೊಡನೆ ಮಂಗಳೂರು ಒಪ್ಪಂದ ಮಾಡಿಕೊಂಡ ಮೂವರು ಪ್ರತಿನಿಧಿಗಳಲ್ಲಿ ಒಬ್ಬ. ಆ ಪ್ರತಿನಿಧಿಗಳು ಟೊಪ್ಪಿಗೆ ತೆಗೆದು, ಒಪ್ಪಂದದ ಕಾಗದ ಕೈಯಲ್ಲಿ ಹಿಡಿದು, ಎರಡು ಗಂಟೆ ಹೊತ್ತು ನಿಂತು ಗೋಗರೆದರೆಂದು ಸುಲ್ತಾನನ ಕಡೆಯ ಕಥನ ಹೇಳಿಕೊಂಡಿತು. ಹಾಗೆ ನಿಂತದ್ದಕ್ಕೆ ಇಂಗ್ಲಿಷಿನಲ್ಲಿ ಕ್ರಿಯಾಪದ ಹುಟ್ಟಲಿಲ್ಲ. ಮಾಡದೆ ಬಿಟ್ಟದ್ದಕ್ಕೆ ನಿಘಂಟಿನಲ್ಲಿ ಜಾಗ ಸಿಕ್ಕಿತು. ಅಂದಿನಿಂದ ಇಂಗ್ಲಿಷಿನಲ್ಲಿ ಉತ್ತಮ ಪುರುಷನು ‘ಕನ್ಸೀಡ್’ ಮಾಡುತ್ತಾನೆ, ಮಧ್ಯಮ ಪುರುಷನು ‘ಯೀಲ್ಡ್’ ಆಗುತ್ತಾನೆ, ಕೌಟೌ ಮಾಡುವವನು ಯಾವಾಗಲೂ ಪ್ರಥಮ ಪುರುಷನೇ.

ಮೇಲಿನ ಸಿದ್ಧಾಂತಗಳನ್ನೆಲ್ಲ ಅಂಗೀಕರಿಸಬೇಕೆಂದು ಪ್ರಸ್ತುತ ಪ್ರಬಂಧವು ಓದುಗರನ್ನು ಅರ್ಜ್ ಮಾಡುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಘೋಷಿಸಲು ಆಸ್ಟಿನ್ನನ ಅನುಮತಿಯಿಲ್ಲ.