ಎರಡು ಚುಕ್ಕೆಯ ಮಾತು

ಪುನರಾವರ್ತನ ಚಿಹ್ನೆ ಎಂದರೆ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಐದು ಗೆರೆಗಳ ಮೇಲೆ ನಿಲ್ಲುವ ಎರಡು ಚುಕ್ಕೆ, ಒಂದು ತೆಳುಗೀಟು, ಒಂದು ದಪ್ಪಗೀಟು. ಇಲ್ಲಿಯವರೆಗಿನದನ್ನು ಇನ್ನೊಮ್ಮೆ ನುಡಿಸಬೇಕೆಂಬುದು ಅದರ ಆಜ್ಞೆ. ಸ್ವರಲಿಪಿ ತಂತ್ರಾಂಶಗಳಲ್ಲಿ ಈ ಆಜ್ಞೆ ಕಾಗದದ ಮೇಲೆ ತಪ್ಪದೆ ಕಾಣುತ್ತದೆ, ಧ್ವನಿಯಲ್ಲಿ ಹಲವು ಸಲ ಜಾರಿಗೇ ಬರುವುದಿಲ್ಲ. ಈ ಕಾಲ್ಪನಿಕ ಸಂದರ್ಶನಕ್ಕೆ ಚಿಹ್ನೆ ಆರಿಸಿಕೊಂಡ ಜಾಗ ಪೊಳ್ಳಾಚಿ ಬಳಿಯ ನೆಗಮಂ. ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರ, ಹತ್ತಿಸೀರೆಗೆ ಹೆಸರಾದ ಊರು. ಉತ್ತರಗಳೆಲ್ಲ ಅನ್ಯಪುರುಷದಲ್ಲಿವೆ. ಪಠ್ಯಪುಸ್ತಕದಲ್ಲಿ ಬಹುಕಾಲ ಕಳೆದವರಿಗೆ ಅಂಟುವ ಚಾಳಿಯದು.

ಪ್ರಶ್ನೆ: ನೆಗಮಂ ಯಾಕೆ?

ಚಿಹ್ನೆ: ಜಕಾರ್ಡ್ ಮಗ್ಗದಲ್ಲಿ ತೂತು ಕೊರೆದ ರಟ್ಟುಗಳನ್ನು ಸಾಲಾಗಿ ಪೋಣಿಸಿ, ಕೊನೆಯದನ್ನು ಮೊದಲನೆಯದಕ್ಕೆ ಕಟ್ಟಿರುತ್ತಾರೆ. ಸಾಲು ಮುಗಿಯುತ್ತಲೇ ಮೊದಲ ರಟ್ಟು ತಾನಾಗಿ ಬರುತ್ತದೆ, ಅಂಚಿನ ಬಳ್ಳಿ ಮತ್ತೆ ಶುರುವಾಗುತ್ತದೆ. ಚಿಹ್ನೆಗೆ ಅಂಥ ಗಂಟಿಲ್ಲ. ಓದುವ ಕಣ್ಣಿದ್ದರಷ್ಟೇ ಅದಕ್ಕೆ ಬೆಲೆ.

ಪ್ರಶ್ನೆ: ಕಂಪ್ಯೂಟರಿಗೆ ಆ ಕಣ್ಣಿಲ್ಲವೆ?

ಚಿಹ್ನೆ: ತಂತ್ರಾಂಶಕ್ಕಿದೆ, ಧ್ವನಿಗಾಗಿ ಅದು ಬರೆಯುವ ಮಿಡಿ ಕಡತಕ್ಕಿಲ್ಲ. ಯಾವ ಸ್ವರ ಯಾವಾಗ ಶುರು, ಯಾವಾಗ ಬಂದ್ ಎಂಬ ಕಾಲಾನುಕ್ರಮದ ಪಟ್ಟಿಯೇ ಮಿಡಿ ಕಡತ. ಅದರಲ್ಲಿ ಹಿಂದಕ್ಕೆ ಹೋಗುವ ಮಾತಿಲ್ಲ. ಆದ್ದರಿಂದ ಮರಳುವ ಭಾಗವನ್ನು ಮೊದಲೇ ಬಿಚ್ಚಿ ಎರಡು ಸಲ ಬರೆದುಕೊಡಬೇಕು. ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಬೇಡವೆಂದರೆ ನಿಲ್ಲಿಸಲು ಗುಂಡಿಯೂ ಇದೆ. 1996ರಲ್ಲಿ ಶುರುವಾದ ಲಿಲಿಪಾಂಡ್ ಎಂಬ ಇನ್ನೊಂದು ತಂತ್ರಾಂಶ ಕೇಳದೆ ಮಾಡುವುದಿಲ್ಲ.

ಪ್ರಶ್ನೆ: ಕೇಳದಿದ್ದರೆ?

ಚಿಹ್ನೆ: ಬರೆದದ್ದು ಬರೆದ ಸಾಲಿನಲ್ಲೇ ಒಮ್ಮೆ ನುಡಿಯುತ್ತದೆ. ಮೊದಲ ಸಲಕ್ಕೊಂದು, ಎರಡನೆಯ ಸಲಕ್ಕೊಂದು ಮುಕ್ತಾಯವಿದ್ದರೆ ಎರಡೂ ಒಂದರ ಬೆನ್ನಿಗೊಂದು ಕೇಳುತ್ತವೆ. ಹಾಡು ನಡೆದದ್ದು ಒಂದು ಸಲ, ಮುಗಿದದ್ದು ಎರಡು ಸಲ. ಬೈಗುಳ ಮಾತ್ರ ಸಂಯೋಜಕನ ಪಾಲಿಗೆ.

ಪ್ರಶ್ನೆ: ಪರಿಹಾರ?

ಚಿಹ್ನೆ: ಲಿಲಿಪಾಂಡ್‌ನ 'ಅನ್‌ಫೋಲ್ಡ್ ರಿಪೀಟ್ಸ್' ಎಂಬ ಬಿಚ್ಚುವ ಆಜ್ಞೆ. ಆದರೆ ಮುದ್ರಣಕ್ಕೂ ಧ್ವನಿಗೂ ಒಂದೇ ಸ್ಕೋರ್ ಬ್ಲಾಕ್, ಅಂದರೆ ಕಡತದೊಳಗಿನ ಒಂದೇ ಖಂಡ, ಇಟ್ಟು ಅದನ್ನು ಹಾಕಿದರೆ ಕಾಗದದ ಮೇಲೂ ಎಲ್ಲ ಬಿಚ್ಚಿಕೊಂಡು ಚಿಹ್ನೆ ಕೆಲಸ ಕಳೆದುಕೊಳ್ಳುತ್ತದೆ. ಸಂಗೀತವನ್ನು ಒಂದು ಹೆಸರಿನಡಿ ಒಮ್ಮೆ ಬರೆದು ಎರಡು ಬ್ಲಾಕ್‌ಗಳಿಂದ ಕರೆಯುವುದು ರೂಢಿ: ಮುದ್ರಣದ್ದರಲ್ಲಿ ಚಿಹ್ನೆ ಹಾಗೇ ಇರುತ್ತದೆ, ಮಿಡಿಯದ್ದರಲ್ಲಿ ಬಿಚ್ಚಿರುತ್ತದೆ. ಇದಕ್ಕಿಂತ ಕಳ್ಳತಪ್ಪು ಇನ್ನೊಂದಿದೆ. ಪಿಟೀಲಿನ ಸಾಲಿನಲ್ಲಿ ಮಾತ್ರ ಪುನರಾವರ್ತನೆ ಬರೆದು ಚೆಲೋದ ಸಾಲಿನಲ್ಲಿ ಬಿಟ್ಟರೂ ಅಚ್ಚಿನಲ್ಲಿ ಗೀಟು ಎರಡಕ್ಕೂ ಬೀಳುತ್ತದೆ, ನೋಡಿದವರಿಗೆ ದೋಷ ಕಾಣದು. ಧ್ವನಿಯಲ್ಲಿ ಪಿಟೀಲು ಹಿಂದಕ್ಕೆ ಹೋಗುತ್ತದೆ, ಚೆಲೋ ಮುಂದಕ್ಕೆ ನಡೆಯುತ್ತದೆ. ಪ್ರತಿ ವಾದ್ಯದ ಸಾಲಿನಲ್ಲೂ ಅದೇ ರಚನೆ ಇರಲೇಬೇಕು.

ಪ್ರಶ್ನೆ: ಮೊದಲಿನಿಂದ ನುಡಿಸು ಎನ್ನುವ 'ಡಾ ಕಾಪೊ' ಸೂಚನೆಯ ಜೊತೆಗಿನ ಸಂಬಂಧ?

ಚಿಹ್ನೆ: ಅಷ್ಟಕ್ಕಷ್ಟೆ. ಆರಂಭಕ್ಕೆ ಮರಳಿದ ಮೇಲೆ ನಡುವಿನ ಪುನರಾವರ್ತನೆಗಳನ್ನು ಬಿಡುವುದು ಸಾಮಾನ್ಯ ರೂಢಿ. ಮ್ಯೂಸ್‌ಸ್ಕೋರ್‌ನಲ್ಲಿ ಅವು ಬೇಕಿದ್ದರೆ ಗುರುತು ಹಾಕಬೇಕು. ಲಿಲಿಪಾಂಡ್‌ನಲ್ಲಿ ಡಾ ಕಾಪೊ ಬಹುಕಾಲ ಬರೀ ಅಕ್ಷರವಾಗಿತ್ತು. 2022ರ 2.24 ಆವೃತ್ತಿಯ ಹೊತ್ತಿಗೆ ಅದಕ್ಕೂ ಬಿಚ್ಚಬಲ್ಲ ರಚನೆ ಸಿಕ್ಕಿತು.

ಪ್ರಶ್ನೆ: ಕರ್ನಾಟಕ ಸಂಗೀತದಲ್ಲಿ ಚಿಹ್ನೆಗೆ ಕೆಲಸವಿದೆಯೆ?

ಚಿಹ್ನೆ: ಕಡಿಮೆ. ಅಚ್ಚಾದ ಕೃತಿಪುಸ್ತಕಗಳಲ್ಲಿ ಚರಣದ ತುದಿಗೆ ಪಲ್ಲವಿಯ ಮೊದಲ ಪದವಷ್ಟೇ ಬಂದು ನಿಲ್ಲುವುದುಂಟು. ಉಳಿದದ್ದು ಹಾಡುವವರಿಗೆ ಗೊತ್ತು. ಯಂತ್ರ ಆ ಪದವನ್ನು ನುಡಿಸಿ ಸುಮ್ಮನಾಗುತ್ತದೆ. ದೊಡ್ಡ ತೊಡಕು ಸಂಗತಿಗಳದು: ಪಲ್ಲವಿಯ ಸಾಲು ಮರಳಿದಾಗಲೆಲ್ಲ ಹೊಸ ರೂಪ ತಳೆಯುತ್ತದೆ, ಎರಡು ಚುಕ್ಕೆ ಹಾಕಿದರೆ ಮೊದಲ ಸಂಗತಿಯೇ ಮತ್ತೆ ಮತ್ತೆ ಕೇಳುತ್ತದೆ. ಕೃತಿಯನ್ನು ಧ್ವನಿಯಾಗಿಸುವವರು ಪ್ರತಿ ಸಂಗತಿಯನ್ನೂ ಬಿಡಿಯಾಗಿ ಬರೆದು, ಯಾವುದು ಎಷ್ಟು ಸಲ ಎಂದು ತಿಳಿಸಬೇಕಾಗುತ್ತದೆ.