ಗೃಹಗಣಕ ಗೂಢಚಾರ ನಿವಾರಣ ಮೀಮಾಂಸೆ: ಬದಲಾಪುರ ಪಾಠ

ಮನೆಯ ಕಂಪ್ಯೂಟರಿನಲ್ಲಿ ಯಜಮಾನನ ಅಪ್ಪಣೆಯಿಲ್ಲದೆ ನೆಲೆಸಿ, ಅವನು ಒತ್ತುವ ಕೀಲಿ, ತೆರೆಯುವ ಪುಟ, ಕಟ್ಟುವ ಬಿಲ್ಲುಗಳ ವರದಿಯನ್ನು ಹೊರಗಿನ ಒಡೆಯನಿಗೆ ಒಪ್ಪಿಸುವ ತಂತ್ರಾಂಶಕ್ಕೆ ಸ್ಪೈವೇರ್ ಎಂದು ಹೆಸರು. ಅಪ್ಪಣೆ ಪಡೆದು ಅದೇ ಕೆಲಸ ಮಾಡುವುದಕ್ಕೆ ಉಚಿತ ಆವೃತ್ತಿ ಎಂದು ಹೆಸರು. ಇವೆರಡರ ನಡುವಿನ ಗೆರೆಯನ್ನು ಕಾಯಲು ಮೂರನೆಯದೊಂದು ತಂತ್ರಾಂಶ ಬೇಕಾಗುತ್ತದೆ. ಅದನ್ನು ಆರಿಸುವ, ಆರಿಸಿದ ಮೇಲೆ ನಂಬುವ ಕ್ರಮವೇ ಈ ಶಾಸ್ತ್ರದ ವಿಷಯ. ಬ್ಯಾಂಕಿನ ಪಾಸ್‌ವರ್ಡ್ ಮನೆಯೊಳಗೇ ಉಳಿಯುವುದು ಪ್ರಯೋಜನ. ವರ್ಷಕ್ಕೊಮ್ಮೆ ನವೀಕರಣದ ಹಣ ಕಟ್ಟುವುದು ಸಂಬಂಧ. ಮುಂಬಯಿ ಬಳಿಯ ಬದಲಾಪುರದ ಪೂರ್ವದಲ್ಲೋ ಪಶ್ಚಿಮದಲ್ಲೋ ಒಂದು ಫ್ಲ್ಯಾಟು, ಹಾಲಿನ ಮೂಲೆಯಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರು, ಬೆಂಗಳೂರಿನಲ್ಲಿ ಐಟಿ ಕೆಲಸದ ಮಗ, ಈ ಮೂರೂ ಉಳ್ಳ ನಿವೃತ್ತ ಕನ್ನಡಿಗ ಬ್ಯಾಂಕ್ ನೌಕರನೇ ಅಧಿಕಾರಿ. ಹೀಗೆ ಅನುಬಂಧ ಚತುಷ್ಟಯ ಸಿದ್ಧಿಸಿತು.

ಗೂಢಚಾರರ ವರ್ಗೀಕರಣಕ್ಕೆ ಈಚಿನ ಪಟ್ಟಿಗಳಿಗಿಂತ ಕೌಟಿಲ್ಯನ ಅರ್ಥಶಾಸ್ತ್ರವೇ ಅನುಕೂಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥ ಚಾರರನ್ನು ಒಂಬತ್ತು ಬಗೆಯಾಗಿ ವಿಂಗಡಿಸುತ್ತದೆ. ವ್ಯಾಪಾರಿಯ ವೇಷದ ವೈದೇಹಕನೇ ಇಂದಿನ ಆಡ್‌ವೇರ್. 1999ರ ಸುಮಾರಿಗೆ ಬಂದ ಬೊಂಜಿಬಡ್ಡಿ ಇದಕ್ಕೆ ಶ್ರೇಷ್ಠ ಉದಾಹರಣೆ: ನೇರಳೆ ಬಣ್ಣದ ಗೊರಿಲ್ಲಾ ರೂಪದಲ್ಲಿ ಪರದೆಯ ಮೇಲೆ ಕೂತು, ಹಾಡಿ, ನಗೆಹನಿ ಹೇಳಿ, ನಡುನಡುವೆ ಜಾಹೀರಾತು ತೋರಿಸುತ್ತಿತ್ತು. ಏನನ್ನೂ ಬೇಡದೆ ಬಂದು ಕೂರುವ ಪಿಡಿಎಫ್ ಪರಿವರ್ತಕ ತಾಪಸ. 'ಸೂಚನೆ ಕಳಿಸಲು ಅನುಮತಿ ಕೊಡಿ' ಎಂದು ಬಾಗಿಲಲ್ಲೇ ನಿಂತು ಬೇಡಿ, ಅಂತಃಪುರದ ತನಕ ನಡೆಯುವ ಜಾಲತಾಣ ಭಿಕ್ಷುಕಿ. ಒಂದು ಕಾಲಕ್ಕೆ ನಿಷ್ಕಳಂಕವಾಗಿದ್ದು, ಬರೆದವನು ಯಾರಿಗೋ ಮಾರಿಕೊಂಡ ಮೇಲೆ ವ್ರತ ಕೆಟ್ಟ ಬ್ರೌಸರ್ ವಿಸ್ತರಣೆಯೇ ಉದಾಸ್ಥಿತ. ಉಳಿದ ಐದನ್ನು ಜಿಜ್ಞಾಸುಗಳು ತಮ್ಮ ತಮ್ಮ ಕಂಪ್ಯೂಟರಿನಲ್ಲೇ ಹುಡುಕಿಕೊಳ್ಳಬಹುದು, ಸಿಗದೆ ಇರಲಾರವು.

ಕೌಟಿಲ್ಯನಿಗೂ ಹೊಳೆಯದ ಹತ್ತನೆಯ ಬಗೆಯೊಂದುಂಟು. ಅದು ಕಾವಲುಗಾರನ ವೇಷದಲ್ಲೇ ಬರುವ ಚಾರ. 'ನಿಮ್ಮ ಕಂಪ್ಯೂಟರಿನಲ್ಲಿ ಇಷ್ಟೊಂದು ಸ್ಪೈವೇರ್ ಇವೆ' ಎಂದು ಕೆಂಪಕ್ಷರದಲ್ಲಿ ಬೊಬ್ಬೆ ಹಾಕಿ, ಇಲ್ಲದ ರೋಗಕ್ಕೆ ಮದ್ದು ಮಾರುವುದು ಇದರ ಲಕ್ಷಣ. ಸ್ಪೈಶೆರಿಫ್, ವಿನ್‌ಫಿಕ್ಸರ್ ಈ ಕುಲದವು. ಹೀಗೆ ಹೆದರಿಸಿ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಂದ ದುಡ್ಡು ಕಿತ್ತ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗ 2008ರ ಡಿಸೆಂಬರಿನಲ್ಲಿ ಒಂದು ತಂಡದ ವಿರುದ್ಧ ನ್ಯಾಯಾಲಯಕ್ಕೇ ಹೋಗಬೇಕಾಯಿತು.

ಆದ್ದರಿಂದ ಪ್ರಶ್ನೆ: ಕಾವಲುಗಾರ ನಿಜವಾದವನೆಂದು ತಿಳಿಯುವುದು ಯಾವ ಪ್ರಮಾಣದಿಂದ? ಪ್ರತ್ಯಕ್ಷದಿಂದ ಎನ್ನುವವರು ಗಡಿಯಾರದ ಪಕ್ಕದ ಹಸಿರು ಗುರುತನ್ನು ತೋರಿಸುತ್ತಾರೆ. ಆ ಗುರುತು ಹಸಿರು ಬಣ್ಣ ಬಳಿಯಲು ಬರುತ್ತದೆಂಬುದಕ್ಕೆ ಪ್ರಮಾಣವೇ ಹೊರತು ಬೇರೆ ಯಾವುದಕ್ಕೂ ಅಲ್ಲ. ಪರೀಕ್ಷೆಗೆಂದೇ ಐಕಾರ್ ಎಂಬ 68 ಅಕ್ಷರಗಳ ನಿರುಪದ್ರವಿ ಕಡತವಿದ್ದು, ಅದನ್ನು ಕಂಡಾಗ ಗದ್ದಲ ಮಾಡಬೇಕೆಂದು ಕಾವಲು ತಂತ್ರಾಂಶಗಳೆಲ್ಲ ಒಪ್ಪಿಕೊಂಡಿವೆ. ಕಳ್ಳನಲ್ಲವೆಂದು ಎಲ್ಲರಿಗೂ ಗೊತ್ತಿರುವವನನ್ನು ಹಿಡಿದು ತೋರಿಸುವುದೇ ಇಲ್ಲಿ ಅರ್ಹತೆ. ಅನುಮಾನವಾದಿಗಳ ವ್ಯಾಪ್ತಿ ಬೇರೆ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಎಲ್ಲಿ ಫ್ಯಾನಿನ ಭೋರ್ಗರೆತವೋ ಅಲ್ಲಿ ಸ್ಪೈವೇರ್. ಆದರೆ ಕಾವಲುಗಾರನೇ ಪೂರ್ತಿ ತಪಾಸಣೆಗೆ ಕೂತಾಗಲೂ ಫ್ಯಾನು ಹಾಗೆಯೇ ಅರಚುತ್ತದೆ. ಬದಲಾಪುರದ ಮೇ ತಿಂಗಳಿನಲ್ಲಂತೂ ಯಾರೂ ಏನೂ ಮಾಡದಿದ್ದರೂ ಅರಚುತ್ತದೆ. ಹೇತು ಸವ್ಯಭಿಚಾರವಾಯಿತು. ಇನ್ನು ಅನುಪಲಬ್ಧಿ: 'ಏನೂ ಸಿಗಲಿಲ್ಲ, ಆದ್ದರಿಂದ ಏನೂ ಇಲ್ಲ.' ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಮು ಇರಲು ಸಾಧ್ಯವೇ ಇಲ್ಲವೆಂದು ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದಿಂದ ತೋರಿಸಿಕೊಟ್ಟಿದ್ದಾನೆ. ಡಬ್ಬಿಯ ಮೇಲೆ ಈ ಪ್ರಮೇಯವನ್ನು ಅಚ್ಚು ಹಾಕಿಸಿದ ಕಂಪನಿ ಇನ್ನೂ ಹುಟ್ಟಿಲ್ಲ.

ಉಳಿಯುವುದು ಆಪ್ತವಾಕ್ಯ. ಬದಲಾಪುರದಲ್ಲಿ ಇದೇ ಪರಮ ಪ್ರಮಾಣ. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ ಊರು ಸುಮಾರು 68 ಕಿಲೋಮೀಟರ್. ಯಾವುದೇ ಸಿದ್ಧಾಂತವನ್ನು ಮಂಡಿಸಿ, ಖಂಡಿಸಿ, ಪುನಃ ಸ್ಥಾಪಿಸಲು ಲೋಕಲ್ ರೈಲಿನ ಈ ದೂರ ಧಾರಾಳ ಸಾಕು. ಕಿಟಕಿ ಸೀಟಿನವನ ಮಾತಿಗೆ ಪೂರ್ಣ ಪ್ರಾಮಾಣ್ಯ. ನಾಲ್ಕನೇ ಸೀಟಿನಲ್ಲಿ ಅರ್ಧ ಕೂತವನದಕ್ಕೆ ಅರ್ಧ. ಡೊಂಬಿವಲಿ ಪಂಥದವರು ದುಡ್ಡು ಕೊಟ್ಟು ಡಬ್ಬಿ ತರಬೇಕೆನ್ನುತ್ತಾರೆ. ಪುಣೆಯ ಕ್ವಿಕ್ ಹೀಲ್ ಅವರಿಗೆ ಇಷ್ಟದೈವ, ಏಕೆಂದರೆ ಅದನ್ನು ಕಟ್ಟಿದ ಕೈಲಾಶ್ ಕಾಟ್ಕರ್ ಮೊದಲು ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದವರು. ಲೆಡ್ಜರಿನಲ್ಲಿ ಆಯುಷ್ಯ ಕಳೆದವರಿಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ. ಕಲ್ಯಾಣ ಪಂಥ ಅಂಗಡಿಯವನು ಹಾಕಿಕೊಟ್ಟದ್ದನ್ನೇ ನಂಬುತ್ತದೆ, ಹೆಸರು ಕೇಳುವ ಪದ್ಧತಿ ಅಲ್ಲಿಲ್ಲ. ವಾಶಿ ಪಂಥದವರು ವಿಂಡೋಸಿನ ಜೊತೆಗೆ ಬರುವ ಡಿಫೆಂಡರ್ ಸಾಕೆಂಬ ವಿರಕ್ತರು. 2004ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಜಯಂಟ್ ಎಂಬ ಸಣ್ಣ ಕಂಪನಿಯನ್ನು ಕೊಂಡು, ಅದರ ಸ್ಪೈವೇರ್ ನಿರೋಧಕವನ್ನೇ ಡಿಫೆಂಡರ್ ಮಾಡಿತು. 2012ರ ವಿಂಡೋಸ್ 8ರಿಂದ ವೈರಸ್ಸಿನ ಜವಾಬ್ದಾರಿಯನ್ನೂ ಅದಕ್ಕೆ ವಹಿಸಿತು. ಇದಕ್ಕೆ ನಿವೃತ್ತರ ಆಕ್ಷೇಪ ಒಂದೇ: ರಸೀದಿ ಇಲ್ಲದ್ದನ್ನು ನಂಬುವುದು ಹೇಗೆ? ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ತೆರೆದು ಶುಚಿಗೊಳಿಸುವ ಸಾಧನಗಳನ್ನು ಪುಕ್ಕಟೆ ಕೊಡುತ್ತಿದೆ. ಸರ್ಕಾರ ಪುಕ್ಕಟೆ ಕೊಡುವುದಾದರೆ ಕ್ಯೂ ಎಲ್ಲಿದೆ ಎಂಬುದೇ ಅಲ್ಲಿಯೂ ಅಡ್ಡಬರುವ ಸಂಶಯ.

ಬೆಂಗಳೂರಿನ ಮಗನದು ಪ್ರತ್ಯೇಕ ಪಂಥ. ಅದರ ಸೂತ್ರ: "ಅಪ್ಪಾ, ಹೊಸದೇನೂ ಹಾಕ್ಬೇಡಿ. ಇರೋದೇ ಸಾಕು. ಕಂಡಕಂಡಲ್ಲಿ ಓಕೆ ಒತ್ಬೇಡಿ, ಅಷ್ಟೆ." ಶಾಸ್ತ್ರದೃಷ್ಟಿಯಿಂದ ಇಷ್ಟು ನಿರ್ದುಷ್ಟವಾದ ವಾಕ್ಯ ಬೇರೆ ಇಲ್ಲ. ಆದರೂ ಇದಕ್ಕೆ ಅನುಯಾಯಿಗಳಿಲ್ಲ. ವಾಕ್ಯ ಫೋನಿನಲ್ಲಿ, ಮೀಟಿಂಗಿನ ನಡುವೆ, ಒಂದೇ ಉಸಿರಿನಲ್ಲಿ ಬರುವುದು ಒಂದು ಕಾರಣ. ಡಯಾಪರು ಬದಲಿಸಿ ಬೆಳೆಸಿದವರಿಗೆ ಆಪ್ತನೆನಿಸಿಕೊಳ್ಳಲು ಮಗನ ವಯಸ್ಸು ಸಾಲದಿರುವುದು ಇನ್ನೊಂದು.

ಕಾವಲುಗಾರನ ಸ್ವರೂಪ ನಿರ್ಣಯ ಈ ಶಾಸ್ತ್ರದ ಕಠಿಣ ಅಧಿಕರಣ. ಎಲ್ಲ ಕಡತವನ್ನೂ ಪರೀಕ್ಷಿಸಬೇಕಾದವನು ಎಲ್ಲವನ್ನೂ ಓದಬಲ್ಲವನಾಗಿರಲೇಬೇಕು. ಎಲ್ಲ ಪುಟಗಳನ್ನೂ ಕಾಯುವವನಿಗೆ ಯಜಮಾನ ಎಲ್ಲೆಲ್ಲಿ ಹೋದನೆಂದು ತಿಳಿದೇ ಇರುತ್ತದೆ. ಶಕ್ತಿಯಲ್ಲಿ ಚಾರನಿಗೂ ಕಾವಲುಗಾರನಿಗೂ ಅಭೇದ, ಉದ್ದೇಶದಲ್ಲಿ ಮಾತ್ರ ಭೇದ. ಉಡುಪಿ ಕಡೆಯವರು ಹೆಚ್ಚಿರುವ ಕಟ್ಟಡಗಳಲ್ಲಿ ಭೇದವೇ ಸತ್ಯವೆಂಬ ನಿಲುವು ಸಹಜ. ಆದರೆ ಲಕ್ಷಾಂತರ ಮನೆಗಳಲ್ಲಿ ಪುಕ್ಕಟೆ ಕಾವಲು ಕಾಯುತ್ತಿದ್ದ ಅವಾಸ್ಟ್, ಬಳಕೆದಾರರ ಬ್ರೌಸಿಂಗ್ ವಿವರಗಳನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರ ಜನವರಿಯಲ್ಲಿ ಬಯಲಾಯಿತು. ಅಂಗಸಂಸ್ಥೆ ಮುಚ್ಚಿತು. 2024ರಲ್ಲಿ ಅಮೆರಿಕದ ಅದೇ ವ್ಯಾಪಾರ ಆಯೋಗ 1 ಕೋಟಿ 65 ಲಕ್ಷ ಡಾಲರ್ ದಂಡ ವಿಧಿಸಿತು. ಅದೇ ವರ್ಷ ಆ ದೇಶ ರಷ್ಯಾ ಮೂಲದ ಕಾವಲು ತಂತ್ರಾಂಶ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನೂ ನಿಷೇಧಿಸಿತು. ಅಲ್ಲಿ ಪ್ರಶ್ನೆ ಕದ್ದದ್ದಲ್ಲ, ಕದಿಯಬಲ್ಲದ್ದು. ಇಷ್ಟಾದ ಮೇಲೆ ಭೇದವಾದಿಗಳು ಹೇಳುವುದು, ಯಾರಿಂದ ನೋಡಿಸಿಕೊಳ್ಳಬೇಕೆಂಬ ಆಯ್ಕೆಯಾದರೂ ಯಜಮಾನನ ಕೈಯಲ್ಲಿದೆ ಎಂದು. ಅದು ನಿಜ.

ಒಬ್ಬನ ಮೇಲೆ ನಂಬಿಕೆ ಸಾಲದಿದ್ದರೆ ಇಬ್ಬರನ್ನು ಇಟ್ಟುಕೊಳ್ಳಬಹುದೇ? ಮೂವರು ಚಾರರು ಒಂದೇ ಮಾತು ಹೇಳಿದರೆ ನಂಬಬಹುದು, ಆದರೆ ಅವರಿಗೆ ಪರಸ್ಪರ ಪರಿಚಯವಿರಬಾರದು ಎಂಬುದು ಕೌಟಿಲ್ಯನ ಮತ. ಒಂದೇ ಯಂತ್ರದಲ್ಲಿ ಸದಾ ಎಚ್ಚರವಿರುವ ಇಬ್ಬರನ್ನಿಟ್ಟರೆ ಪರಿಚಯ ತಪ್ಪದು. ಒಬ್ಬರನ್ನೊಬ್ಬರು ಶಂಕಿಸಿ, ಒಂದೇ ಕಡತಕ್ಕೆ ಕಿತ್ತಾಡಿ, ಯಂತ್ರವನ್ನು ಕುಂಟಿಸುತ್ತಾರೆ. ಮೂವರ ಏಕವಾಕ್ಯ ಬೇಕೇ ಬೇಕೆನ್ನುವವರು ಶಂಕಿತ ಕಡತವನ್ನು ಗೂಗಲ್ ಒಡೆತನದ ವೈರಸ್‌ಟೋಟಲ್‌ಗೆ ಕಳಿಸಿ ಹತ್ತಾರು ಕಾವಲುಗಾರರ ಅಭಿಪ್ರಾಯ ಒಟ್ಟಿಗೆ ಪಡೆಯಬಹುದು. ಗುಟ್ಟಿನ ಕಡತವನ್ನು ಹೀಗೆ ಕಳಿಸಿದರೆ ಅದು ಗುಟ್ಟಾಗಿ ಉಳಿಯುವುದಿಲ್ಲ.

ಕನ್ನಡಿಗರಿಗೆ ಮಾತ್ರ ಅನ್ವಯಿಸುವ ಒಂದು ಅಧಿಕರಣವಿದೆ. ನುಡಿ, ಬರಹ ಮೊದಲಾದ ಟೈಪಿಂಗ್ ತಂತ್ರಾಂಶಗಳು ಒತ್ತಿದ ಕೀಲಿಯನ್ನು ನಡುದಾರಿಯಲ್ಲಿ ಹಿಡಿದು ಕನ್ನಡ ಅಕ್ಷರವಾಗಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಯನ್ನು ಅದೇ ನಡುದಾರಿಯಲ್ಲೇ ಹಿಡಿಯುತ್ತದೆ. 'ಕರ್ನಾಟಕ ಮಲ್ಲ' ಪತ್ರಿಕೆಗೆ ಕವನ ಟೈಪಿಸುವವನಿಗೂ ಖಾತೆ ದೋಚುವವನಿಗೂ ಇರುವ ವ್ಯತ್ಯಾಸ ಲಕ್ಷಣ ನೋಡಿ ಹಿಡಿಯುವ ಕಾವಲುಗಾರನ ಕಣ್ಣಿಗೆ ಬೀಳದಿರಬಹುದು. ಪರಿಹಾರವೆಂದರೆ ಟೈಪಿಂಗ್ ತಂತ್ರಾಂಶವನ್ನು ಮೂಲಸ್ಥಾನದಿಂದಲೇ ಇಳಿಸಿಕೊಂಡು ಕಾವಲುಗಾರನ ವಿನಾಯಿತಿ ಪಟ್ಟಿಗೆ ಸೇರಿಸುವುದು. ಪಟ್ಟಿಯ ದಾರಿ ಒಮ್ಮೆ ಗೊತ್ತಾದ ಮನೆಯಲ್ಲಿ ಮೊಮ್ಮಗನ ಕದ್ದ ಗೇಮೂ ಅದೇ ವಾರ ಅಲ್ಲಿ ಸೇರುತ್ತದೆ.

ಕಡೆಯದು ವಿಸರ್ಜನೆ. ಅವಧಿ ಮುಗಿದ ಕಾವಲುಗಾರ ಕೆಲಸ ಬಿಟ್ಟರೂ ಮನೆ ಬಿಡುವುದಿಲ್ಲ. ದಿನಕ್ಕೆ ಹಲವು ಸಲ ಮೂಲೆಯಿಂದ ಎದ್ದು ಸಂಬಳ ಕೇಳುತ್ತಾನೆ. ಕಂಟ್ರೋಲ್ ಪ್ಯಾನೆಲ್ಲಿನಿಂದ ತೆಗೆದರೂ ಅವನ ತುಣುಕುಗಳು ಉಳಿಯುವುದುಂಟು. ಇದನ್ನರಿತ ಮ್ಯಾಕಫಿ, ನಾರ್ಟನ್, ಅವಾಸ್ಟ್ ಮುಂತಾದವು ತಮ್ಮನ್ನು ತಾವೇ ಬೇರುಸಹಿತ ಕೀಳಲು ಪ್ರತ್ಯೇಕ ತಂತ್ರಾಂಶ ಒದಗಿಸಿವೆ. ಅದನ್ನು ಇಳಿಸಿಕೊಂಡು ಓಡಿಸಿದಾಗ, ಇದಕ್ಕೆ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಲು ಅವಕಾಶ ಕೊಡುವಿರಾ ಎಂದು ವಿಂಡೋಸ್ ಕೇಳುತ್ತದೆ. ಇಲ್ಲಿ 'ಯೆಸ್' ಒತ್ತಬೇಕು.